ನಾಲ್ಕನೇ ಪುಟದ ಸಹಿ

ಮಾರ್ಚ್ 4

ಕುಳ್ಳಿ,

ಇನ್ನು ಮುಂದೆ ನಾನು ಫೋನಿನಲ್ಲಿ ಮಾತಾಡುವುದಿಲ್ಲ, ಕಾಗದವನ್ನೇ ಬರೆಯುತ್ತೇನೆ. ಫೋನಿನಲ್ಲಿ ನಾನು ಏನು ಹೇಳಿದರೂ ನೀನು "ಹ್ಞೂಂ ಅಮ್ಮ, ಸರಿ ಅಮ್ಮ" ಎನ್ನುತ್ತೀಯ. ಹಿಂದೆ ಯಾವುದೋ ಹಸು ಅರಚುತ್ತಿರುತ್ತದೆ. ನೀನು ಕೇಳುತ್ತಿರುವುದು ನನ್ನ ಮಾತನ್ನೋ ಹಸುವಿನದನ್ನೋ ಒಂದೂ ತಿಳಿಯುವುದಿಲ್ಲ. ಕಾಗದದಲ್ಲಿ "ಸರಿ ಅಮ್ಮ" ಎಂದಷ್ಟೇ ಬರೆದು ಕಳಿಸಲು ನಿನಗೂ ನಾಚಿಕೆಯಾದೀತು. ಅದೂ ಅಲ್ಲದೆ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದವಳು ನಾನು. ಬರೆದು ಸಹಿ ಹಾಕಿದ್ದನ್ನು ಬಿಟ್ಟು ಬೇರೆ ಮಾತು ನನಗೆ ಮಾತೇ ಅಲ್ಲ.

ಸ್ಟ್ರೋಕ್ ಆಗಿರುವುದು ಎಡಗೈಗೆ. ಬಲಗೈ ನೆಟ್ಟಗಿದೆ, ತಲೆಯೂ ನೆಟ್ಟಗಿದೆ. ನಾಲಿಗೆಯ ವಿಷಯ ಬೇಕಾದರೆ ನಿನ್ನ ಚಿಕ್ಕಮ್ಮನನ್ನು ಕೇಳು.

ನೀನು ಸೇರಿಸಿ ಹೋದ ಆ ಹೊಸ ಚಿಕಿತ್ಸೆ ನಡೆಯುತ್ತಿದೆ. ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಕೋಣೆ, ಮೊದಲು ಹಾಸಿಗೆ ಬಟ್ಟೆ ಇಡುತ್ತಿದ್ದ ಜಾಗವಂತೆ, ಇನ್ನೂ ಸೋಪಿನ ವಾಸನೆ ಹೋಗಿಲ್ಲ. ಮುಖಕ್ಕೆ ಒಂದು ಡಬ್ಬ ಕಟ್ಟಿ ಹಿಂದಿನಿಂದ ಪಟ್ಟಿ ಬಿಗಿಯುತ್ತಾರೆ, ಕೂದಲೆಲ್ಲ ಸಿಕ್ಕಾಗುತ್ತದೆ. ಎಡಗೈಗೆ ಒಂದು ಗವಸು. ಡಬ್ಬದೊಳಗೆ ನೋಡಿದರೆ ಒಂದು ಅಡುಗೆಮನೆ! ಅಷ್ಟು ಚೊಕ್ಕವಾದ ಅಡುಗೆಮನೆಯನ್ನು ನಾನು ಜನ್ಮದಲ್ಲಿ ಕಂಡಿಲ್ಲ, ಅಲ್ಲಿ ಯಾರೂ ಒಂದು ದಿನವೂ ಒಲೆ ಹಚ್ಚಿದ ಹಾಗಿಲ್ಲ. ಎದುರಿಗೆ ಮೂರು ಹಲಗೆಯ ಒಂದು ಗೂಡು, ಮೇಜಿನ ಮೇಲೆ ಲೋಟಗಳು. ಎಡಗೈ ಎತ್ತಿ ಲೋಟವನ್ನು ಹಲಗೆಯ ಮೇಲೆ ಇಡಬೇಕು. ಇಟ್ಟರೆ ಚಪ್ಪಾಳೆ ಕೇಳಿಸುತ್ತದೆ. ಚಪ್ಪಾಳೆ ತಟ್ಟುವವರು ಯಾರೂ ಇಲ್ಲ, ಬರೀ ಸದ್ದು. ಅರವತ್ತಮೂರು ವರ್ಷದವಳಿಗೆ ಲೋಟ ಎತ್ತಿಟ್ಟಿದ್ದಕ್ಕೆ ಚಪ್ಪಾಳೆ, ನೋಡು ನನ್ನ ಹಣೆಬರಹ.

ಅದನ್ನು ನಡೆಸುವ ಫಿಸಿಯೋಥೆರಪಿಯವನಿಗೆ ನಾನು ಆಟದ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಮೊದಲ ದಿನ "ಅಜ್ಜಿ, ಕೈ ಕೊಡಿ" ಎಂದ. "ಅಜ್ಜಿ ಅಂತ ನಿನಗೆ ಯಾರು ಹೇಳಿದ್ದು? ಮೇಡಂ ಅನ್ನು" ಎಂದೆ. ಈಗ ಹಾಗೇ ಅನ್ನುತ್ತಾನೆ. ಕೆಟ್ಟವನಲ್ಲ.

ಈಗ ನಿಜವಾದ ಸುದ್ದಿ. ನಿನ್ನೆ ಮೂರನೇ ಹಲಗೆ ಮುಟ್ಟಿದೆ! ಮೇಲಿನದು! ಪಕ್ಕದ ಕುರ್ಚಿಯಲ್ಲಿ ಒಬ್ಬ ಬಸ್ ಡ್ರೈವರ್ ಕೂರುತ್ತಾನೆ, ಐವತ್ತೆರಡರವನು, ನನಗೆ ಸ್ಟ್ರೋಕ್ ಆದ ಒಂದು ತಿಂಗಳಿಗೆ ಅವನಿಗೂ ಆಗಿದೆ, ಬಲಗೈ. ಅವನು ಇನ್ನೂ ಎರಡನೇ ಹಲಗೆಯಲ್ಲಿದ್ದಾನೆ. "ಮೇಡಂ ಓವರ್‌ಟೇಕ್ ಮಾಡ್ಬಿಟ್ರು" ಎಂದು ನಕ್ಕ. ಕೈಗೆ ಮರಳಿ ಬರುವುದೆಲ್ಲ ಹೆಚ್ಚಾಗಿ ಮೊದಲ ಆರು ತಿಂಗಳಲ್ಲೇ ಬರುತ್ತದೆ ಎಂದಿದ್ದರಲ್ಲ ಡಾಕ್ಟರು, ಜುಲೈವರೆಗೆ ನನಗೆ ಸಮಯವಿದೆ. ಆಮೇಲೆ ನನ್ನ ಜಡೆ ನಾನೇ ಹೆಣೆದುಕೊಳ್ಳುತ್ತೇನೆ. ನಿನ್ನ ಚಿಕ್ಕಮ್ಮ ಹೆಣೆಯುವುದು ಜಡೆಯಲ್ಲ, ಮೂಟೆಯ ಬಾಯಿ ಕಟ್ಟಿದ ಹಾಗೆ ಬಿಗಿಯುತ್ತಾಳೆ. ಹುಬ್ಬೆಲ್ಲ ಮೇಲೆ ಹೋಗಿ ದಿನವಿಡೀ ಆಶ್ಚರ್ಯಪಟ್ಟವಳ ಹಾಗೆ ಕಾಣುತ್ತೇನೆ.

ಉತ್ತರ ಬರೆ. ಉದ್ದಕ್ಕೆ ಬರೆ.

ನಿನ್ನ ಅಮ್ಮ


ಮಾರ್ಚ್ 13

ಅಮ್ಮ,

ಮೂರನೇ ಹಲಗೆ! ಭೇಷ್ ಅಮ್ಮ! ಓದಿ ಕುಣಿಯುವಂತಾಯಿತು.

ಇಲ್ಲಿ ಕೆಲಸ ವಿಪರೀತ. ದನದ ಆಸ್ಪತ್ರೆಗೆ ನಾನೊಬ್ಬಳೇ ಡಾಕ್ಟರು, ಕಾಂಪೌಂಡರ್ ರಜೆಯ ಮೇಲೆ ಇದ್ದಾನೆ. ಉದ್ದಕ್ಕೆ ಬರೆಯಲು ಆಗುತ್ತಿಲ್ಲ, ಬೈಯಬೇಡ.

ಒಂದೇ ಮಾತು. ಅಭ್ಯಾಸವೆಲ್ಲ ಅಲ್ಲೇ ಮಾಡು, ಮನೆಯಲ್ಲಿ ಎತ್ತರದಲ್ಲಿರುವುದಕ್ಕೆ ಕೈ ಹಾಕಲು ಹೋಗಬೇಡ. ಈಗಲೇ ಬೇಡ. ದಯವಿಟ್ಟು.

ಚಿಕ್ಕಮ್ಮನಿಗೆ ಜಡೆ ಸ್ವಲ್ಪ ಸಡಿಲ ಬಿಡಲು ಹೇಳು.

ಕುಳ್ಳಿ


ಮಾರ್ಚ್ 24

ಮಗಳೇ,

ಈ ಕಾಗದವನ್ನು ಕೂತು ಓದು.

ಕಳೆದ ವಾರ ಮನೆಯಲ್ಲಿ ಸಕ್ಕರೆಯ ಗಾಜಿನ ಡಬ್ಬಿಯನ್ನು ಶೆಲ್ಫಿನಲ್ಲಿಡಲು ಎಡಗೈಯಿಂದ ಎತ್ತಿದೆ. ನೀನು ಬೇಡ ಎಂದಿದ್ದೆ, ಗೊತ್ತು. ಆದರೆ ಆಸ್ಪತ್ರೆಯಲ್ಲಿ ಎರಡು ವಾರದಿಂದ ಮೂರನೇ ಹಲಗೆ ಮುಟ್ಟುತ್ತಿದ್ದವಳಿಗೆ ಮನೆಯ ಮೊದಲನೇ ಹಲಗೆ ಯಾವ ಲೆಕ್ಕ ಎಂದುಕೊಂಡೆ. ಕೈ ಅರ್ಧ ದಾರಿಗೂ ಹೋಗಲಿಲ್ಲ. ಡಬ್ಬಿ ಬಿದ್ದು ಚೂರಾಯಿತು. ನಿನ್ನ ಚಿಕ್ಕಮ್ಮ ಓಡಿಬಂದು, "ಅಕ್ಕ, ಕಾಲು ಎತ್ತಬೇಡ, ಗಾಜಿದೆ" ಎಂದಳು. ನಾನು ಕಾಲು ನೋಡಲಿಲ್ಲ, ಕೈ ನೋಡುತ್ತಾ ನಿಂತಿದ್ದೆ. ನಿನ್ನೆಯ ಕೈ ಎಲ್ಲಿ ಹೋಯಿತು?

ಇಂಥದ್ದನ್ನು ನಾನು ನೋಡಿಲ್ಲವೇ? ಅಂಗಡಿಯಲ್ಲಿ ಒಂದು ಕಿಲೋ, ಮನೆಯಲ್ಲಿ ಮುಕ್ಕಾಲು. ಇದನ್ನು ಹಿಡಿಯುವುದೇ ನನ್ನ ಕಸುಬಾಗಿತ್ತು. ಸ್ಟೀಲ್ ಟೇಪನ್ನು ನಿನ್ನ ಚಿಕ್ಕಮ್ಮನ ಕೈಗೆ ಕೊಟ್ಟು ಅವಳನ್ನೂ ನಿನ್ನೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ನಾನು ಡಬ್ಬ ಕಟ್ಟಿಕೊಂಡು ಲೋಟ ಎತ್ತುವಾಗ ನನ್ನ ನಿಜವಾದ ಕೈ ಮೇಜಿನಿಂದ ಎಷ್ಟು ಏಳುತ್ತದೆ ಎಂದು ಅಳೆಯಲು ಹೇಳಿದ್ದೆ. ಆಟದ ಮೇಷ್ಟ್ರು "ಏನಮ್ಮ ಇದು" ಎಂದು ಅಡ್ಡ ಬಂದ. ನಿನ್ನ ಚಿಕ್ಕಮ್ಮ ಅವನನ್ನು ಮೊಣಕೈಯಿಂದ ತಳ್ಳಿ ಅಳೆದಳು, ಆ ಹೊತ್ತಿಗೆ ಅವಳಿಗೂ ಆವೇಶ ಬಂದಿತ್ತು.

ಹದಿನಾಲ್ಕು ಸೆಂಟಿಮೀಟರ್.

ಡಬ್ಬ ತೆಗೆಸಿ ಕೇಳಿದೆ. "ಒಳಗಿರೋ ಮೂರನೇ ಹಲಗೆ ಮೇಜಿನಿಂದ ಎಷ್ಟು ಎತ್ತರ?"

"ನಲವತ್ತೆರಡು, ಮೇಡಂ."

"ನನ್ನ ಕೈ ಎದ್ದಿದ್ದು ಹದಿನಾಲ್ಕು. ಉಳಿದ ಇಪ್ಪತ್ತೆಂಟು ಯಾರಪ್ಪಂದು?"

ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಬಾಯಿಬಿಟ್ಟ. ಯಂತ್ರ ನನ್ನ ಕೈಯನ್ನು ಮೂರು ಪಟ್ಟು ಮಾಡಿ ತೋರಿಸುತ್ತದಂತೆ. ಒಂದು ಬೆರಳಷ್ಟು ಎತ್ತಿದರೆ ಮೂರು ಬೆರಳು. ಬೇಕೆಂದೇ ಹಾಗೆ ಇಟ್ಟಿದ್ದಾರಂತೆ, ಅದೇ ಚಿಕಿತ್ಸೆಯಂತೆ! ಮೂವತ್ತೊಂದು ವರ್ಷ ತಕ್ಕಡಿಯ ತಳಕ್ಕೆ ಮೇಣ ಅಂಟಿಸಿದವರನ್ನು ಹಿಡಿದೆ, ಮೀಟರ್ ಕೋಲಿನ ತುದಿ ತೇಯ್ದವರನ್ನು ಹಿಡಿದೆ, ಪೆಟ್ರೋಲ್ ಬಂಕಿನವರ ಕೈಲಿ ಬೈಸಿಕೊಂಡೂ ಪಂಪಿನ ಸೀಲ್ ಮುರಿದು ಪರೀಕ್ಷಿಸಿದೆ. ಕೊನೆಗೆ ನನ್ನ ಕಿವಿಗೇ ಹೂವಿಟ್ಟು, ಮುಖಕ್ಕೆ ಡಬ್ಬ ಕಟ್ಟಿ, ಮೂಗಿಗೆ ತುಪ್ಪ ಸವರಿ, ಚಪ್ಪಾಳೆಯನ್ನೂ ತಟ್ಟಿದರು!

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

ಅವನು ಫೈಲು ತಂದು ಮುಂದಿಟ್ಟ. ನಾಲ್ಕನೇ ಪುಟ. "ಚಲನೆಯನ್ನು ಹಿಗ್ಗಿಸಿ ತೋರಿಸಲಾಗುವುದು. ಇದನ್ನು ರೋಗಿಗೆ ತಿಳಿಸದಿರಲು ಒಪ್ಪಿಗೆ ಇದೆ." ಕೆಳಗೆ ಫೆಬ್ರವರಿ ಹತ್ತನೇ ತಾರೀಖು, ನಿನ್ನ ಸಹಿ. ಕೊನೆಯ ಅಕ್ಷರದ ಬಾಲವನ್ನು ಎಳೆದಿದ್ದೀಯಲ್ಲ, ಶಾಲೆಯ ಪ್ರೋಗ್ರೆಸ್ ಕಾರ್ಡಿನಲ್ಲಿ ನನ್ನ ಸಹಿ ಕದ್ದು ಹಾಕುವಾಗ ಎಳೆಯುತ್ತಿದ್ದೆಯಲ್ಲ, ಅದೇ ಬಾಲ.

ನನ್ನ ಪಿತ್ತ ನೆತ್ತಿಗೇರಿತು. ಫೆಬ್ರವರಿ ಹತ್ತರಂದು ನಾನು ಎಲ್ಲಿದ್ದೆ? ಪಕ್ಕದ ಕೋಣೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ! ನನಗೆ ಪ್ರಜ್ಞೆ ಇತ್ತು, ಕಣ್ಣಿತ್ತು, ಸಹಿ ಹಾಕಲು ಬಲಗೈ ಇತ್ತು. ನೀನು ದನದ ಡಾಕ್ಟರು, ದನವನ್ನು ಕೇಳಿ ಇಂಜೆಕ್ಷನ್ ಚುಚ್ಚುವ ಅಭ್ಯಾಸ ನಿನಗಿಲ್ಲ, ಒಪ್ಪಿದೆ. ಆದರೆ ನಾನು ದನವಲ್ಲ ಕಣೇ. ಕೆಟ್ಟಿದ್ದು ನನ್ನ ಕೈ, ತಲೆಯಲ್ಲ.

ಇನ್ನು ಆ ಕೋಣೆಗೆ ನಾನು ಕಾಲಿಡುವುದಿಲ್ಲ.

ಅಮ್ಮ


ಮಾರ್ಚ್ 30

ಅಮ್ಮ,

ಬೈ, ಬೈಸಿಕೊಳ್ಳುತ್ತೇನೆ. ಆದರೆ ಒಂದು ಸಲ ನನ್ನ ಮಾತನ್ನೂ ಕೇಳು, ಅಂಗಡಿಯವರ ಹೇಳಿಕೆ ಬರೆದುಕೊಳ್ಳುತ್ತಿದ್ದೆಯಲ್ಲ, ಅಷ್ಟಾದರೂ ತಾಳ್ಮೆಯಿಂದ.

ಜನವರಿಯಲ್ಲಿ ನೀನು ಹೇಗಿದ್ದೆ ಎಂದು ನಿನಗೆ ಗೊತ್ತಿಲ್ಲ. ನಿನ್ನ ಎಡಗೈಯನ್ನು "ಅದು" ಎನ್ನುತ್ತಿದ್ದೆ. ಊಟಕ್ಕೆ ಕೂತಾಗ "ಅದನ್ನ ಸ್ವಲ್ಪ ಈಚೆ ಎತ್ತಿಡು" ಎಂದೆ. ಯಾವುದೋ ಚೀಲವನ್ನು ಎತ್ತಿಡಲು ಹೇಳಿದ ಹಾಗೆ. ನಾನು ಎತ್ತಿಟ್ಟೆ ಅಮ್ಮ. ನನ್ನನ್ನು ಎತ್ತಿಕೊಂಡ ಕೈ ಅದು, ತಟ್ಟೆಯ ಪಕ್ಕದಲ್ಲಿ ಎತ್ತಿಟ್ಟೆ. ವ್ಯಾಯಾಮ ಮಾಡು ಎಂದರೆ ಎರಡು ಸಲ ಎತ್ತಲು ನೋಡಿ, "ಬರಲ್ಲ, ಬಿಡು" ಎಂದು ಗೋಡೆಯ ಕಡೆ ತಿರುಗುತ್ತಿದ್ದೆ.

ಡಾಕ್ಟರು ಹೇಳಿದ್ದು ಇಷ್ಟು. ಪ್ರತಿಸಲ ಸೋಲುವುದನ್ನೇ ನೋಡಿದರೆ ಮಿದುಳು ಆ ಕೈಯ ಆಸೆಯನ್ನೇ ಬಿಟ್ಟುಬಿಡುತ್ತದೆ. ತಲುಪಿತು ಎಂದು ಕಣ್ಣು ಕಂಡರೆ ಮತ್ತೆ ಪ್ರಯತ್ನಿಸುತ್ತದೆ, ಪ್ರಯತ್ನದಿಂದ ಕೈ ಬರುತ್ತದೆ. ರೋಗಿಗೆ ಮೊದಲೇ ಹೇಳಿದರೆ ಕೆಲವರು ನಂಬುವುದನ್ನು ನಿಲ್ಲಿಸುತ್ತಾರೆ ಎಂದರು. ಕೆಲವರು ಎಂದಾಗ ನನಗೆ ಕಂಡಿದ್ದು ನಿನ್ನ ಮುಖ. ನಿನಗೆ ಹೇಳಿದ್ದರೆ ಏನು ಮಾಡುತ್ತಿದ್ದೆ? ಈಗ ಮಾಡಿದೆಯಲ್ಲ, ಅದನ್ನೇ ಮೊದಲ ದಿನವೇ ಮಾಡುತ್ತಿದ್ದೆ.

ಚಿಕ್ಕವಳಿದ್ದಾಗ ನಾನು ಹಾಲು ಕುಡಿದೆ ಎಂದರೆ ನೀನು ಲೋಟದ ತಳ ನೋಡುತ್ತಿದ್ದೆ. ನಿನ್ನ ಇಲಾಖೆ ನಮ್ಮ ಮನೆಯೊಳಗೂ ಇತ್ತು. ಬೇರೆಯವರ ಮನೆಯಲ್ಲಿ ಮಕ್ಕಳು ಸುಳ್ಳು ಹೇಳಿ ಏಟು ತಿನ್ನುತ್ತಾರೆ, ನಾನು ನಿಜ ಹೇಳಿಯೂ ತಪಾಸಣೆ ಮಾಡಿಸಿಕೊಂಡವಳು. ಅದರ ಸಿಟ್ಟು ನನಗೂ ಇದೆ, ಇವತ್ತು ಬರೆದೆ.

ಹದಿನಾಲ್ಕು ಸೆಂಟಿಮೀಟರ್ ಎಂದು ಬೈದು ಬರೆದಿದ್ದೀಯ. ಜನವರಿಯಲ್ಲಿ ಅದು ಸೊನ್ನೆ ಆಗಿತ್ತು. ಅದನ್ನು ಯಾಕೆ ಬರೆಯಲಿಲ್ಲ?

ಚಿಕಿತ್ಸೆ ಬಿಡಬೇಡ. ನನ್ನ ಮೇಲಿನ ಸಿಟ್ಟನ್ನು ಕೈಯ ಮೇಲೆ ತೀರಿಸಿಕೊಳ್ಳಬೇಡ.

ಕುಳ್ಳಿ


ಏಪ್ರಿಲ್ 3

ಡಾಕ್ಟರಮ್ಮನವರಿಗೆ,

ತಮ್ಮ ಪತ್ರ ತಲುಪಿತು. ಅದರಲ್ಲಿ ಎಲ್ಲವೂ ಇದೆ, "ತಪ್ಪಾಯಿತು" ಎಂಬ ಒಂದು ಪದವನ್ನು ಬಿಟ್ಟು. ಎರಡು ಸಲ ಹುಡುಕಿದೆ.

ಇನ್ನು ಮುಂದೆ ನನ್ನ ಪರವಾಗಿ ತಾವು ಎಲ್ಲಿಯೂ ಯಾವ ಕಾಗದಕ್ಕೂ ಸಹಿ ಹಾಕಕೂಡದು.

ಇತಿ,
ತೂಕ ಮತ್ತು ಅಳತೆ ಇನ್ಸ್‌ಪೆಕ್ಟರ್ (ನಿವೃತ್ತ)


ಏಪ್ರಿಲ್ 19

ಮಗಳೇ,

ನಿನ್ನ ಚಿಕ್ಕಮ್ಮ ಬರೆಯುತ್ತಿದ್ದೇನೆ. ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ, ಬರುವುದರೊಳಗೆ ಮುಗಿಸಬೇಕು. ಗೊತ್ತಾದರೆ ನನ್ನ ಚರ್ಮ ಸುಲಿಯುತ್ತಾಳೆ.

ನಿಮ್ಮ ಜಗಳದಲ್ಲಿ ನಾನು ಬಾಯಿ ಹಾಕುವುದಿಲ್ಲ. ಇಬ್ಬರದೂ ಒಂದೇ ಅಚ್ಚು. ಆದರೆ ಕೈಯ ಸಂಗತಿ ನಿನಗೆ ತಿಳಿದಿರಲಿ. ಇಪ್ಪತ್ತಾರು ದಿನದಿಂದ ಆಸ್ಪತ್ರೆಗೆ ಹೋಗಿಲ್ಲ. ಬೆರಳುಗಳು ಒಳಗೆ ಮಡಚಿಕೊಳ್ಳುತ್ತಿವೆ. ಬೆಳಿಗ್ಗೆ ನಾನು ಒಂದೊಂದೇ ಬೆರಳು ಬಿಡಿಸಿ ಅಂಗೈ ತೊಳೆಯಬೇಕು, ಉಗುರಿನ ಗುರುತು ಬಿದ್ದಿರುತ್ತದೆ. ಆಗ ಅವಳು ಕಿಟಕಿಯ ಕಡೆ ನೋಡುತ್ತಾಳೆ. ನನಗೆ ಅಳು ಬರುತ್ತದೆ, ಅವಳಿಗೆ ಸಿಟ್ಟು ಬರುತ್ತದೆ.

ಆಸ್ಪತ್ರೆಗೆ ಮೂರು ಪುಟದ ದೂರು ಬರೆದಿದ್ದಳು. ನಿನ್ನೆ ಆ ಫಿಸಿಯೋಥೆರಪಿಯವನು ತಾನೇ ಮನೆಗೆ ಬಂದ. ಪಾಪ, ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರುವಾಯಿತು. ಅರ್ಧ ಗಂಟೆ ತಲೆ ತಗ್ಗಿಸಿ ಕೇಳಿದ. ಆಮೇಲೆ, "ಮೇಡಂ, ನಿಮ್ಮನ್ನ ಕೇಳ್ಬೇಕಿತ್ತು. ಕೇಳಲಿಲ್ಲ. ತಪ್ಪಾಯ್ತು" ಎಂದ. ಅಷ್ಟೇ ನೋಡು. ಅಕ್ಕ ನನ್ನ ಕಡೆ ತಿರುಗಿ, "ಅವನಿಗೆ ಟೀ ಮಾಡೇ, ಎಷ್ಟು ಹೊತ್ತಿಂದ ನಿಂತಿದಾನೆ" ಎಂದಳು.

ಒಂದು ಒಪ್ಪಂದವಾಗಿದೆ. ದಿನವೂ ಯಂತ್ರ ಎಷ್ಟು ಪಟ್ಟು ಹಿಗ್ಗಿಸುತ್ತದೆ ಎಂಬುದನ್ನು ಮೊದಲೇ ಬೋರ್ಡಿನ ಮೇಲೆ ಬರೆಯಬೇಕು, ಕೊನೆಗೆ ನಿಜವಾದ ಅಳತೆಯನ್ನೂ ಬರೆಯಬೇಕು. ಬುಧವಾರದಿಂದ ಹೋಗುತ್ತಾಳೆ. ನಿನಗೆ ಹೇಳಬೇಡ ಎಂದಿದ್ದಾಳೆ.

ನಲ್ಲಿ ನಿಂತಿತು, ಬಂದಳು.

ಚಿಕ್ಕಮ್ಮ


ಮೇ 6

ಕುಳ್ಳಿ,

ನಿನ್ನ ಚಿಕ್ಕಮ್ಮ ಬರೆದಿರುತ್ತಾಳೆ, ಗೊತ್ತು. ನಾನು ಸ್ನಾನ ಮುಗಿಸಿ ಬಂದಾಗ ಪೆನ್ನನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಹಾಲಿಲ್ಲದ ಪಾತ್ರೆ ಕಾಯಿಸುತ್ತಿದ್ದಳು.

ಹೌದು, ಮತ್ತೆ ಹೋಗುತ್ತಿದ್ದೇನೆ. ಮೊದಲ ದಿನ ಅಳೆದಾಗ ಹತ್ತು ಬಂತು. ಹದಿನಾಲ್ಕಿದ್ದದ್ದು ಹತ್ತು. ನಾಲ್ಕು ಸೆಂಟಿಮೀಟರನ್ನು ನನ್ನ ಸಿಟ್ಟು ತಿಂದಿತು. ಇದನ್ನು ನಿನಗೆ ಬರೆಯಲು ನನಗೇನೂ ಇಷ್ಟವಿಲ್ಲ, ಆದರೆ ಅಳತೆ ಅಳತೆಯೇ. ಈಗ ಎರಡು ವಾರದಲ್ಲಿ ಹದಿನಾರಕ್ಕೆ ಬಂದಿದ್ದೇನೆ. ಯಂತ್ರ ಎರಡೂವರೆ ಪಟ್ಟು ತೋರಿಸುತ್ತದೆ, ಪಕ್ಕದ ಕುರ್ಚಿಯವನಿಗೆ ಕಾಣದಂತೆ ನನ್ನ ಕಡೆ ತಿರುಗಿಸಿದ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ, ನಾನು ಓದಿ, ಆಮೇಲೆ ಡಬ್ಬ ಕಟ್ಟಿಸಿಕೊಳ್ಳುತ್ತೇನೆ. ಸುಳ್ಳು ಎಂದು ಗೊತ್ತಿದ್ದೂ ಕೈ ಮೇಲೇಳುತ್ತದೆ ನೋಡು! ಹಾಗಾದರೆ ಮುಚ್ಚಿಡುವ ಅಗತ್ಯವೇನಿತ್ತು? ನಿನ್ನ ಡಾಕ್ಟರಿಗೂ ನಿನಗೂ ಸೇರಿಸಿಯೇ ಕೇಳುತ್ತಿದ್ದೇನೆ.

ಇನ್ನೊಂದು ವಿಷಯ. ಪಕ್ಕದ ಕುರ್ಚಿಯ ಡ್ರೈವರ್ ಮೂರನೇ ಹಲಗೆ ಮುಟ್ಟಿ ಬೀಗುತ್ತಿದ್ದ. "ಮುಂದಿನ ತಿಂಗಳು ಡಿಪೋಗೆ ಹೋಗಿ ಸೀಟಲ್ಲಿ ಕೂತ್ಕೋತೀನಿ ಮೇಡಂ" ಎಂದು ನಾಲ್ಕು ಸಲ ಹೇಳಿದ. ಮೇಜಿನ ಮೇಲಿದ್ದ ಅವನ ಫೈಲನ್ನು ತೆರೆದು ನೋಡಿದೆ, ಅದರಲ್ಲೂ ನಾಲ್ಕನೇ ಪುಟವಿದೆ, ಅದರಲ್ಲಿ ಅವನ ಹೆಂಡತಿಯ ಹೆಬ್ಬೆಟ್ಟಿದೆ. ನನಗೆ ಒಂದು ರೀತಿ, ಅವನಿಗೆ ಇನ್ನೊಂದು ರೀತಿಯೇ? ಮೋಸದ ತಕ್ಕಡಿ ಕಂಡ ಮೇಲೆ ನನ್ನ ಸಾಮಾನು ಮಾತ್ರ ಸರಿಯಾಗಿ ತೂಗಿಸಿಕೊಂಡು ಮನೆಗೆ ಹೋಗುವವಳಲ್ಲ ನಾನು. ಶನಿವಾರ ಆಟದ ಮೇಷ್ಟ್ರು ಹೊರಗೆ ಹೋದಾಗ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ಟೇಪಿನಲ್ಲೇ ಅಳೆದು ತೋರಿಸಿದೆ. ಹದಿನೈದು.

ಅವನು ಸ್ವಲ್ಪ ಹೊತ್ತು ಟೇಪನ್ನೇ ನೋಡಿದ. "ಹೌದಾ" ಎಂದ. ಸುಮ್ಮನೆ ನಕ್ಕ. ಬಲಗೈಯ ಗವಸನ್ನು ಎಡಗೈಯಿಂದ ನಿಧಾನವಾಗಿ ತೆಗೆದಿಟ್ಟು, "ಒಳ್ಳೇದಾಯ್ತು ಮೇಡಂ ಹೇಳಿದ್ದು" ಎಂದು ಮನೆಗೆ ಹೋದ.

ಅವನಿಗೆ ಗೊತ್ತಾಗಬೇಕಿತ್ತು, ಗೊತ್ತಾಯಿತು. ನನ್ನ ಮಟ್ಟಿಗೆ ಅದು ಸರಿ.

ಅಮ್ಮ


ಮೇ 15

ಅಮ್ಮ,

ಏನು ಮಾಡಿದೆ ನೀನು?

ಆ ಡ್ರೈವರ್ ಮತ್ತೆ ಬಂದರಾ? ನಿನ್ನ ಕಾಗದದಲ್ಲಿ ಅದಿಲ್ಲ. ಎಲ್ಲದರ ಅಳತೆ ಬರೆದಿದ್ದೀಯ, ಅದೊಂದನ್ನು ಬಿಟ್ಟು.

ನೀನು ಗಟ್ಟಿ ಜೀವ. ಸಿಟ್ಟು ಬಂದರೆ ನಿನಗೆ ಕಸುವು ಬರುತ್ತದೆ, ಅದರಲ್ಲೇ ಎದ್ದು ನಿಲ್ಲುತ್ತೀಯ. ಎಲ್ಲರೂ ಹಾಗಿರುವುದಿಲ್ಲ ಅಮ್ಮ. ಕೆಲವರಿಗೆ ಸಿಟ್ಟು ಬರುವುದಿಲ್ಲ, ಸುಮ್ಮನೆ ನಗು ಬರುತ್ತದೆ. "ಸುಮ್ಮನೆ ನಕ್ಕ" ಎಂದು ನೀನೇ ಬರೆದಿದ್ದೀಯ. ಅದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ.

ನಿನ್ನನ್ನು ಕೇಳದೆ ನಾನು ಸಹಿ ಹಾಕಿದೆ. ತಪ್ಪಾಯಿತು. ಹುಡುಕಬೇಡ, ಇಲ್ಲೇ ಬರೆದಿದ್ದೇನೆ, ತಪ್ಪಾಯಿತು. ನೀನು ಅವರನ್ನು ಕೇಳಿದೆಯಾ?

ಕುಳ್ಳಿ


ಜೂನ್ 8

ಕುಳ್ಳಿ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪಕ್ಕದ ಖಾಲಿ ಕುರ್ಚಿ ನೆನಪಾಗುತ್ತಿತ್ತು. ಇಲ್ಲ, ಅವನು ಬರಲಿಲ್ಲ. ಮೊದಲ ವಾರ ಜ್ವರವಿರಬೇಕು ಎಂದುಕೊಂಡೆ. ಎರಡನೇ ವಾರ ಆಟದ ಮೇಷ್ಟ್ರು ಫೋನ್ ಮಾಡಿದ, ಎತ್ತಲಿಲ್ಲವಂತೆ. ಮೇಷ್ಟ್ರು ನನಗೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು, ತಿರುಗಿ ಬೈಯಬಹುದಿತ್ತು.

ಕಳೆದ ಮಂಗಳವಾರ ಡ್ರೈವರ್ ಹೆಂಡತಿ ಮನೆ ಹುಡುಕಿಕೊಂಡು ಬಂದಳು. ಒಳಗೆ ಬಾ ಎಂದರೂ ಬರಲಿಲ್ಲ. ಮೆಟ್ಟಿಲ ಮೇಲೆ ನಿಂತೇ ಕೇಳಿದಳು.

"ಯಾರು ಕೇಳಿದ್ರು ಮೇಡಂ ನಿಮ್ಮನ್ನ? ನಾನು ಕೇಳಿದ್ನಾ, ಅವ್ರು ಕೇಳಿದ್ರಾ? ಅವತ್ತಿಂದ ಗೋಡೆ ಕಡೆ ತಿರುಗಿ ಮಲಗಿದಾರೆ. ಎದ್ದೇಳಿ ಅಂದ್ರೆ 'ನಂಗೆ ಗೊತ್ತು ಕಣೇ, ನಂದು ಮುಗೀತು, ಮೇಡಂ ಅಳತೆ ಹಾಕಿದಾರೆ' ಅಂತಾರೆ. ಕೈನ ದಿಂಬಿನ ಕೆಳಗೆ ಇಟ್ಕೊಂಡಿರ್ತಾರೆ, ನೋಡೋಕೂ ಇಷ್ಟ ಇಲ್ಲ. ಬೆಳಿಗ್ಗೆ ಎದ್ದು ಕೂದಲು ಬಾಚ್ಕೊಂಡು ಆಸ್ಪತ್ರೆಗೆ ಹೋಗ್ತಿದ್ದ ಮನುಷ್ಯ! ನಿಮ್ಗೇನು ಸಿಕ್ತು?"

ನೌಕರಿಯಲ್ಲಿ ನನ್ನನ್ನು ಬೈದವರಿಗೆ ಲೆಕ್ಕವಿಲ್ಲ. ಅವರೆಲ್ಲ ತಪ್ಪು ಮಾಡಿ ಸಿಕ್ಕಿಬಿದ್ದವರು, ಅವರ ಬೈಗುಳ ನನಗೆ ತಟ್ಟುತ್ತಿರಲಿಲ್ಲ. ಇವಳು ಯಾವ ತಪ್ಪೂ ಮಾಡಿರಲಿಲ್ಲ. ನಿನ್ನ ಚಿಕ್ಕಮ್ಮ ನನ್ನ ಪರವಾಗಿ ಏನೋ ಹೇಳಲು ಹೊರಟಳು, ಅವಳ ಕೈ ಹಿಡಿದು ನಿಲ್ಲಿಸಿದೆ. ಎಡಗೈಯಿಂದಲೇ ಹಿಡಿದೆ, ಆಮೇಲೆ ಗೊತ್ತಾಯಿತು.

ಶುಕ್ರವಾರ ಅವನ ಮನೆಗೆ ಹೋದೆ, ನಿನ್ನ ಚಿಕ್ಕಮ್ಮನೂ ಜೊತೆಗಿದ್ದಳು. ಎರಡು ಕೋಣೆಯ ಮನೆ, ಬಾಗಿಲ ಹಿಂದೆ ಅವನ ಖಾಕಿ ಅಂಗಿ ಇಸ್ತ್ರಿ ಮಾಡಿ ತೂಗುಹಾಕಿದೆ. ನನ್ನನ್ನು ಕಂಡು ಎದ್ದು ಕೂತ, ಮರ್ಯಾದಸ್ಥ. "ಬನ್ನಿ ಮೇಡಂ, ನಿಮ್ಮ ಕೈ ಹೇಗಿದೆ?" ಎಂದ. ನನ್ನ ಕೈ! ಭೂಮಿ ಬಾಯಿಬಿಟ್ಟರೆ ಇಳಿದುಹೋಗಬೇಕು ಎನಿಸಿತು.

ಹೋಗುವಾಗ ನನ್ನ ತಲೆಯಲ್ಲಿದ್ದದ್ದು ಸರಳವಾದ ಲೆಕ್ಕ. ನೀನೇ ಕಲಿಸಿದ್ದು, ಹದಿನಾಲ್ಕನ್ನು ನೋಡುವಾಗ ಸೊನ್ನೆಯನ್ನೂ ನೋಡು ಎಂದು. ಫೆಬ್ರವರಿಯ ಅವನ ಮೊದಲ ಅಳತೆ ಏಳು ಎಂದು ಆಟದ ಮೇಷ್ಟ್ರಿಂದ ತಿಳಿದುಕೊಂಡಿದ್ದೆ. ಏಳಿದ್ದದ್ದು ಹದಿನೈದಾಗಿತ್ತು. ಯಂತ್ರದ ಸುಳ್ಳನ್ನು ಪೂರ್ತಿ ಕಳೆದರೂ ಎಂಟು ಸೆಂಟಿಮೀಟರ್ ನಿನ್ನದೇ ಎಂದು ಹೇಳಿದೆ. ಅವನು ಗಮನವಿಟ್ಟು ಕೇಳಿದ. "ಅದು ಆಗ ಮೇಡಂ. ಈಗ ಎಷ್ಟಿದೆ ನೋಡಿ. ನೀವೇ ಅಳೀರಿ. ಆಸ್ಪತ್ರೆಯವ್ರನ್ನ ನಾನು ನಂಬಲ್ಲ, ನಿಮ್ಮನ್ನ ನಂಬ್ತೀನಿ. ಏರಿದ್ರೆ ಬರ್ತೀನಿ, ಇಳಿದಿದ್ರೆ ಬಿಟ್ಬಿಡಿ ನನ್ನ" ಎಂದ.

ಬೇಡ ಎನ್ನಬೇಕಿತ್ತು. ಒಂದು ತಿಂಗಳು ಮಲಗಿದ ಕೈ ಎಷ್ಟು ಇಳಿಯುತ್ತದೆ ಎಂಬುದು ನನಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಆದರೆ ಅವನಾಗಲೇ ಕೈಯನ್ನು ಮೇಜಿನ ಮೇಲೆ ತಂದಿಟ್ಟಿದ್ದ, ಎಡಗೈಯಿಂದ ಎತ್ತಿ ತಂದಿಟ್ಟಿದ್ದ. ನಾನು ಟೇಪಿನ ತುದಿಯನ್ನು ಎಡಗೈಯ ಹೆಬ್ಬೆರಳಿನಿಂದ ಮೇಜಿಗೆ ಒತ್ತಿ ಹಿಡಿದು ಬಲಗೈಯಿಂದ ಎಳೆದೆ. ಅವನು ಹಲ್ಲು ಕಚ್ಚಿ ಎತ್ತಿದ. ಕುತ್ತಿಗೆಯ ನರವೆಲ್ಲ ಎದ್ದು ಬಂತು. ಕಣ್ಣು ಮುಚ್ಚಿಕೊಂಡಿದ್ದ. ಹೆಂಡತಿ ಒಳಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದಳು, ಟೇಪನ್ನಲ್ಲ.

ಟೇಪಿನಲ್ಲಿದ್ದದ್ದು ಹನ್ನೊಂದು.

"ಹದಿನೇಳು" ಎಂದೆ.

ಅವನು ಕಣ್ಣು ಬಿಟ್ಟ. "ಹದಿನೇಳಾ?"

"ಹದಿನೇಳು ಅಂದ್ನಲ್ಲ. ಮಲಗಿದ್ರೂ ಎರಡು ಏರಿದೆ. ಕಿವಿ ಕೇಳಿಸಲ್ವಾ?" ಎಂದು ಗದರಿದೆ, ಟೇಪನ್ನು ಸರಕ್ಕನೆ ಒಳಗೆ ಬಿಟ್ಟೆ.

"ನೀವು ಹೇಳಿದ ಮೇಲೆ ಮುಗೀತು ಮೇಡಂ. ನೀವು ಸುಳ್ಳು ಹೇಳೋ ಜನ ಅಲ್ಲ" ಎಂದ. ಹೆಂಡತಿಯ ಕಡೆ ತಿರುಗಿ ಶೇವ್ ಮಾಡಿಕೊಳ್ಳಲು ಬಿಸಿನೀರು ಕೇಳಿದ. ಸೋಮವಾರದಿಂದ ಬರುತ್ತಾನಂತೆ. ಅವನಿಗೆ ಇನ್ನು ಎರಡು ತಿಂಗಳ ಸಮಯವಿದೆ.

ದಾರಿಯಲ್ಲಿ ನಿನ್ನ ಚಿಕ್ಕಮ್ಮ ಮೆಲ್ಲಗೆ, "ಅಕ್ಕ, ನನಗೆ ಕಂಡಿದ್ದು ಹನ್ನೊಂದು" ಎಂದಳು. "ನಿನ್ನ ಕನ್ನಡಕ ಬದಲಾಯಿಸು" ಎಂದು ಅವಳ ಬಾಯಿ ಮುಚ್ಚಿಸಿದೆ. ಎರಡನೇ ಸುಳ್ಳು. ನಿನಗೆ ಮಾತ್ರ ನಿಜ ಬರೆಯುತ್ತಿದ್ದೇನೆ.

ಇದನ್ನು ಓದಿ, ನೀನು ಮಾಡಿದ್ದು ಸರಿಯಾಗಿತ್ತು ಎಂದುಕೊಳ್ಳಬೇಡ. ಸರಿಯಲ್ಲ. ನನ್ನನ್ನು ಕೇಳಬೇಕಿತ್ತು, ಇವತ್ತೂ ಹೇಳುತ್ತೇನೆ, ಸಾಯುವ ದಿನವೂ ಹೇಳುತ್ತೇನೆ. ನಾನೂ ಅವನನ್ನು ಕೇಳಬೇಕಿತ್ತು, ಎಲ್ಲ ಬಿಚ್ಚಿ ಹೇಳುವ ಮೊದಲು. ಕೇಳಲಿಲ್ಲ. ನನ್ನ ಸಿಟ್ಟೇನೂ ಇಳಿದಿಲ್ಲ. ಈಗ ಅದು ಇಬ್ಬರ ಮೇಲೂ ಇದೆ, ನನ್ನ ಪಾಲು ಸ್ವಲ್ಪ ಜಾಸ್ತಿ.

ಅವತ್ತು ಮನೆಗೆ ಬಂದ ಮೇಲೆ ನಿನ್ನ ಚಿಕ್ಕಮ್ಮ ಊಟ ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟೆ. ತಟ್ಟೆ ಸರಿಸಿ ಎದ್ದೆ. ಮರುದಿನವೂ ಅಷ್ಟೇ, ಇವತ್ತೂ ಅಷ್ಟೇ. ನನ್ನದು ಒಂದು ಅಂಕಿಯ ಸುಳ್ಳು, ಆಗಿರುವುದು ಮೂರು ದಿನ, ಅದೂ ಹೊರಗಿನವನಿಗೆ ಹೇಳಿದ್ದು. ನೀನು ನಿನ್ನ ತಾಯಿಗೆ ಆರು ವಾರ ಮುಚ್ಚಿಟ್ಟೆ. "ಭೇಷ್ ಅಮ್ಮ" ಎಂದು ಬರೆದು ಅಂಚೆಗೆ ಹಾಕಿ, ಆ ಊರಿನಲ್ಲಿ ಒಬ್ಬಳೇ ತಟ್ಟೆಯ ಮುಂದೆ ಕೂತು, ಹೇಗೆ ಊಟ ಮಾಡಿದೆ ಮಗಳೇ ನೀನು?

ಅಮ್ಮ